ಸೇಬಿನ ಪೇಸ್ಟ್ರಿಯ ಪದರಗಳು

ಮುಂಬಯಿಯಲ್ಲಿ ಬೆಳೆಯುವ ವಿದ್ಯಾರ್ಥಿಗಳಿಗೆ ಖಾರಿ ಬಿಸ್ಕತ್ತಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಊರಿನಿಂದ ಹೊಸದಾಗಿ ಬಂದ ಕನ್ನಡಿಗನನ್ನು ಮಾತ್ರ ಆ ಹೆಸರು ಕೊಂಚ ಮೋಸಗೊಳಿಸುತ್ತದೆ. ‘ಖಾರಿ’ ಎಂದೊಡನೆ ನಮಗೆ ಮೆಣಸಿನಕಾಯಿಯ ನೆನಪಾಗುತ್ತದೆ. ಆದರೆ ಹಿಂದಿಯಲ್ಲಿ ‘ಖಾರಾ’ ಎಂದರೆ ಉಪ್ಪಾದುದು, ಸಂಸ್ಕೃತದ ‘ಕ್ಷಾರ’ದಿಂದ ಬಂದ ಶಬ್ದ. ಈ ಖಾರಿಯನ್ನು ಮುರಿದು ನೋಡಿದರೆ ಒಳಗೆ ಕಾಗದದಂತಹ ತೆಳುವಾದ ಪದರಗಳು ಕಾಣಿಸುತ್ತವೆ. ಇಂತಹುದೇ ಪದರದ ಕಣಕವು ಹಿಮಗಟ್ಟಿಸಿದ ಹಾಳೆಗಳ ರೂಪದಲ್ಲಿ ‘ಪಫ್ ಪೇಸ್ಟ್ರಿ ಶೀಟ್’ ಎಂಬ ಹೆಸರಿನಿಂದ ಈಗ ನಗರದ ದೊಡ್ಡ ಅಂಗಡಿಗಳಲ್ಲಿ ಮಾರಾಟಕ್ಕೆ ದೊರೆಯುತ್ತದೆ. ಅದರೊಳಗೆ ಸೇಬಿನ ಹೂರಣವಿಟ್ಟು ಬೇಯಿಸಿದರೆ ಸೇಬಿನ ಪೇಸ್ಟ್ರಿ. ಬಹು ಸುಲಭದ ಕೆಲಸವೆಂದು ಹೇಳುವುದುಂಟು. ಸುಲಭವೇನೋ ನಿಜ, ಏಕೆಂದರೆ ಕಷ್ಟದ ಭಾಗವನ್ನು ಬೇರೆ ಯಾರೋ ಮೊದಲೇ ಮಾಡಿ ಮುಗಿಸಿರುತ್ತಾರೆ. ಅವರು ಮಾಡಿದುದೇನೆಂದು ಅರಿಯದವರ ಕೈಯಲ್ಲಿ ಅದು ಕೆಡುವುದೂ ಅಷ್ಟೇ ಸುಲಭ.

ಆ ಕಷ್ಟ ಯಾವುದೆಂಬುದನ್ನು ನಮ್ಮ ಮನೆಯ ಚಿರೋಟಿಯಿಂದಲೇ ತಿಳಿಯಬಹುದು. ಚಿರೋಟಿಗೆ ಹಲವು ತೆಳುವಾದ ಹಾಳೆಗಳನ್ನು ಲಟ್ಟಿಸಿ, ನಡುನಡುವೆ ತುಪ್ಪ ಮತ್ತು ಅಕ್ಕಿಹಿಟ್ಟಿನ ಲೇಪವನ್ನು ಸವರಿ, ಸುರುಳಿ ಸುತ್ತಿ, ಕೊಯ್ದು, ಮತ್ತೆ ಲಟ್ಟಿಸಿ ಕರಿಯುತ್ತಾರೆ. ತುಪ್ಪವು ಒಂದು ಹಾಳೆ ಇನ್ನೊಂದಕ್ಕೆ ಅಂಟದಂತೆ ತಡೆಯುತ್ತದೆ. ಪೇಸ್ಟ್ರಿಯ ತತ್ತ್ವವೂ ಇದೇ, ಕ್ರಮ ಮಾತ್ರ ಬೇರೆ. ಮೈದಾ ಕಣಕದ ನಡುವೆ ಬೆಣ್ಣೆಯ ಒಂದು ಚಪ್ಪಟೆ ಹಲಗೆಯನ್ನಿಟ್ಟು, ಉದ್ದಕ್ಕೆ ಲಟ್ಟಿಸಿ, ಪತ್ರ ಮಡಿಸುವಂತೆ ಮೂರು ಮಡಿಕೆ ಮಾಡುತ್ತಾರೆ. ಒಂದಿದ್ದ ಬೆಣ್ಣೆಯ ಪದರ ಮೂರಾಯಿತು. ಮತ್ತೆ ಲಟ್ಟಿಸಿ ಮಡಿಸಿದರೆ ಒಂಬತ್ತು. ಹೀಗೆ ಆರು ಸಲ ಮಾಡಿದರೆ ಎಷ್ಟಾಗುವುದೆಂದು ಗಣಿತದ ಪುಸ್ತಕವನ್ನು ಬದಿಗಿಟ್ಟು ಮನಸ್ಸಿನಲ್ಲೇ ಎಣಿಸಿ ನೋಡಿರಿ: 729. ಕಡ್ಡಿಯಷ್ಟು ದಪ್ಪದ ಹಾಳೆಯೊಳಗೆ ಏಳುನೂರಕ್ಕೂ ಮಿಕ್ಕಿ ಪದರಗಳು! ಮಡಿಕೆ ಮಡಿಕೆಯ ನಡುವೆ ಕಣಕವನ್ನು ತಂಪಿನಲ್ಲಿಟ್ಟು ವಿಶ್ರಾಂತಿ ಕೊಡಬೇಕು. ಇಲ್ಲವಾದರೆ ಗೋಧಿಯ ಅಂಟು ಬಿಗಿದು, ಲಟ್ಟಣಿಗೆಯ ಮಾತನ್ನು ಕಣಕ ಕೇಳುವುದಿಲ್ಲ.

ಈ ಪದರಗಳು ಉಬ್ಬುವುದು ಹೇಗೆ? ಇದರಲ್ಲಿ ಪಾವಿಗೆ ಹಾಕುವ ಹುದುಗೂ ಇಲ್ಲ, ಸೋಡವೂ ಇಲ್ಲ. ಉಬ್ಬಿಸುವುದು ಬರಿಯ ನೀರು. ಕಣಕದಲ್ಲಿಯೂ ಬೆಣ್ಣೆಯಲ್ಲಿಯೂ ಇರುವ ನೀರು ಭಟ್ಟಿಯ ಕಾವಿಗೆ ಆವಿಯಾಗುತ್ತದೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಸ್ಥಳವನ್ನು ಬೇಡುತ್ತದೆ. ಕೊಬ್ಬಿನ ತಡೆಯಿರುವುದರಿಂದ ಆವಿ ಥಟ್ಟನೆ ಹೊರಬೀಳಲಾರದೆ ಮೇಲಿನ ಹಾಳೆಯನ್ನು ಎತ್ತುತ್ತದೆ. ಅಷ್ಟರಲ್ಲಿ ಮೈದಾ ಬೆಂದು ಗಟ್ಟಿಯಾಗಿ, ಎತ್ತಿದ ಹಾಳೆ ಎತ್ತಿದಂತೆಯೇ ನಿಲ್ಲುತ್ತದೆ.

ಆದುದರಿಂದ ಬೆಣ್ಣೆಯು ಭಟ್ಟಿಗೆ ಹೋಗುವ ತನಕ ಗಟ್ಟಿಯಾಗಿಯೇ ಇರಬೇಕು. ಮುಂಬಯಿಯಲ್ಲಿ ಕಷ್ಟ ಹುಟ್ಟುವುದು ಇಲ್ಲಿಯೇ. ಬೆಣ್ಣೆ 30 ಡಿಗ್ರಿ ದಾಟುವಷ್ಟರಲ್ಲಿ ಕರಗಿ ಹರಿಯತೊಡಗುತ್ತದೆ; ನಮ್ಮ ಚಾಳಿನ ಅಡಿಗೆಯ ಕೋಣೆಯಂತೂ ವರ್ಷದ ಬಹುಭಾಗ ಅಷ್ಟು ಬೆಚ್ಚಗಿರುತ್ತದೆ. ಬೆಣ್ಣೆ ಕರಗಿ ಕಣಕದೊಳಗೆ ಇಂಗಿತೆಂದರೆ 729 ಪದರಗಳೂ ಒಂದಾಗಿ, ಪೇಸ್ಟ್ರಿಯ ಬದಲು ಎಣ್ಣೆ ಸೂಸುವ ರೊಟ್ಟಿ ಸಿಗುತ್ತದೆ. ಆದುದರಿಂದ ಹಿಮಗಟ್ಟಿದ ಹಾಳೆಯನ್ನು ಮೇಜಿನ ಮೇಲಿಟ್ಟು ಕರಗಿಸಬಾರದು. ಹಿಂದಿನ ರಾತ್ರಿ ಶೀತಕಪೆಟ್ಟಿಗೆಯ ಕೆಳಗಿನ ಅರೆಯಲ್ಲಿಡಬೇಕು. ಕೆಲಸಕ್ಕೆ ಬೆಳಗಿನ ತಂಪು ಹೊತ್ತೇ ಲೇಸು.

ಸೆಕೆಯನ್ನು ತಾಳಲೆಂದು ಅನೇಕ ಬೇಕರಿಗಳು ಬೆಣ್ಣೆಗಿಂತ ಹೆಚ್ಚಿನ ಕಾವಿಗೆ ಕರಗುವ ವನಸ್ಪತಿಯನ್ನೋ ಮಾರ್ಗರಿನ್ನನ್ನೋ ಬಳಸುತ್ತವೆ. ಎಣ್ಣೆಯನ್ನು ಅರೆಬರೆಯಾಗಿ ಗಟ್ಟಿಮಾಡುವಾಗ ಹುಟ್ಟುವ ‘ಟ್ರಾನ್ಸ್’ ಕೊಬ್ಬು ಹೃದಯಕ್ಕೆ ಹಾನಿಕರ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಅದು ನೂರಕ್ಕೆ ಎರಡು ಪಾಲನ್ನು ಮೀರಬಾರದೆಂಬ ನಿಯಮವಿದೆ. ಪೊಟ್ಟಣ ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿರಿ. ಮುಂಬದಿಯ ಚಿತ್ರವನ್ನು ಎಲ್ಲರೂ ನೋಡುತ್ತಾರೆ.

ಇನ್ನು ಸೇಬು. ಅಮೆರಿಕದಿಂದ ಬಂದು ಇಲ್ಲಿಯವರೇ ಆಗಿಹೋದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬವರು ಸಿಮ್ಲಾ ಬಳಿಯ ಕೋಟಗಢದಲ್ಲಿ 1916ರ ಸುಮಾರಿಗೆ ನೆಟ್ಟ ಅಮೆರಿಕದ ತಳಿಯ ಸಸಿಗಳಿಂದ ಆ ಬೆಟ್ಟಗಳ ಸೇಬಿನ ವ್ಯಾಪಾರ ಬೆಳೆಯಿತು. ಅಲ್ಲಿಯ ಹಣ್ಣು ಮಳೆಗಾಲದ ಕೊನೆಯಲ್ಲಿ ವಾಶಿಯ ಸಗಟು ಮಾರುಕಟ್ಟೆಗೆ ಬರುತ್ತದೆ. ಬೇಯಿಸುವುದಕ್ಕೆ ತುಸು ಹುಳಿಯಿರುವ ಗಟ್ಟಿ ಹಣ್ಣೇ ಮೇಲು. ಸೇಬಿನಲ್ಲಿ ನೂರಕ್ಕೆ ಎಂಬತ್ತೈದರಷ್ಟು ನೀರೇ ಇರುವುದರಿಂದ ಹಸಿಯಾಗಿ ತುಂಬಿದರೆ ತಳದ ಹಾಳೆ ತೊಯ್ದು ಹಸಿಹಿಟ್ಟಾಗಿಯೇ ಉಳಿಯುತ್ತದೆ. ಎರಡು ಹಣ್ಣುಗಳನ್ನು ಸಣ್ಣಗೆ ಹೆಚ್ಚಿ, ಕಪ್ಪಾಗದಂತೆ ನಿಂಬೆರಸ ಹಿಂಡಿ, ಎರಡು ಚಮಚ ಸಕ್ಕರೆ, ಚಿಟಿಕೆ ದಾಲ್ಚಿನ್ನಿಯ ಪುಡಿ ಸೇರಿಸಿ ರಸ ಬತ್ತುವ ತನಕ ಬಾಣಲೆಯಲ್ಲಿ ಬಾಡಿಸಬೇಕು. ಅನಂತರ ಪೂರ್ತಿಯಾಗಿ ಆರಿಸಬೇಕು. ಬಿಸಿ ಹೂರಣ ಬೆಣ್ಣೆಗೆ ವೈರಿ.

ಹಾಳೆಯನ್ನು ಹರಿತವಾದ ಚಾಕುವಿನಿಂದ ಚೌಕವಾಗಿ ನೇರಕ್ಕೆ ಕೊಯ್ಯಿರಿ. ಮೊಂಡು ಚಾಕು ಅಂಚನ್ನು ಜಜ್ಜಿ ಪದರಗಳ ಬಾಯಿ ಮುಚ್ಚುತ್ತದೆ. ನಡುವೆ ಒಂದು ಚಮಚ ಹೂರಣವಿಟ್ಟು, ಒಳ ಅಂಚಿಗೆ ನೀರು ಸವರಿ, ತ್ರಿಕೋನವಾಗಿ ಮಡಿಸಿ, ಮೇಲೆ ಎರಡು ಗೀರು ಹಾಕಿರಿ. ಹೊಳಪಿಗಾಗಿ ಮೇಲೆ ಹಾಲು ಸವರಬಹುದು. ಅದು ಪಕ್ಕಕ್ಕೆ ಇಳಿದರೆ ಪದರಗಳು ಅಂಟಿಕೊಳ್ಳುತ್ತವೆ. ಮುಂಚೆಯೇ 200 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ, ಹಿರಿಯರ ಸಮ್ಮುಖದಲ್ಲಿ, 20ರಿಂದ 25 ನಿಮಿಷ ಬೇಯಿಸಬೇಕು. ಕಾವು ಸಾಲದಿದ್ದರೆ ಆವಿ ಹುಟ್ಟುವ ಮೊದಲೇ ಕೊಬ್ಬು ಕರಗಿ ತಟ್ಟೆಗೆ ಹರಿದುಹೋಗುತ್ತದೆ. ಮೊದಲ ಕಾಲು ಗಂಟೆ ಬಾಗಿಲನ್ನು ತೆರೆಯಲೇಬೇಡಿರಿ.

ಓವನ್ ಇಲ್ಲದವರು ಏನು ಮಾಡಬೇಕು? ದಪ್ಪ ಪಾತ್ರೆಯಲ್ಲಿ ಉಪ್ಪು ಹರಡಿ, ಮುಚ್ಚಿ ಬೇಯಿಸುವ ಉಪಾಯ ಕೇಕಿಗೆ ಒಪ್ಪುತ್ತದೆ. ಇದಕ್ಕೆ ಅಷ್ಟಾಗಿ ಒಪ್ಪದು, ಮೇಲ್ಭಾಗ ಬಿಳಿಚಿಕೊಳ್ಳುತ್ತದೆ. ದೀಪಾವಳಿಯಲ್ಲಿ ನಾನ್‌ಖಟಾಯಿಯ ಹಿಟ್ಟನ್ನು ತಟ್ಟೆಯಲ್ಲಿ ಜೋಡಿಸಿ ಓಣಿಯ ಬೇಕರಿಗೆ ಒಯ್ದು ಬೇಯಿಸಿ ತರುವ ರೂಢಿ ಈ ನಗರದಲ್ಲಿ ಬಹುಕಾಲದಿಂದ ಇದೆ. ಗುರುತಿನ ಬೇಕರಿಯವರಿದ್ದರೆ ಪೇಸ್ಟ್ರಿಗೂ ಅದೇ ದಾರಿ. ಕೋಟೆ ಪ್ರದೇಶದ ಯಜ್ದಾನಿ ಬೇಕರಿ ಬ್ರುನ್ ಪಾವಿನ ಜತೆಗೆ ಆಪಲ್ ಪೈಗೂ ಹೆಸರಾದುದು. ಕಟ್ಟಿಗೆಯ ಹೊಗೆ ನಗರದ ಗಾಳಿಯನ್ನು ಕೆಡಿಸುತ್ತದೆಂದು 2025ರ ಜನವರಿಯಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು, ಕಟ್ಟಿಗೆ ಇದ್ದಿಲುಗಳ ಬೇಕರಿಗಳು ಆರು ತಿಂಗಳೊಳಗೆ ಅನಿಲ ಮುಂತಾದ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆಜ್ಞಾಪಿಸಿತು. ಇರುಳೆಲ್ಲ ಭಟ್ಟಿಯ ಬಾಯಿಯಲ್ಲಿ ನಿಲ್ಲುವ ಕೆಲಸಗಾರರ ಶ್ವಾಸಕೋಶದ ಮಟ್ಟಿಗೆ ಇದು ಒಳ್ಳೆಯದೆಂದೇ ನಮ್ಮ ಎಣಿಕೆ. ಆದರೆ ಹೊಸ ಒಲೆಯ ಖರ್ಚನ್ನು ಹೊರಲಾರದ ಸಣ್ಣ ಬೇಕರಿಗೆ ಬೀಗ ಬಿದ್ದರೆ, ಆ ಕೆಲಸಗಾರನ ಕೂಲಿಯೂ ಓಣಿಯ ಮಕ್ಕಳ ತಟ್ಟೆಯೂ ಜತೆಗೇ ಹೋಗುತ್ತವೆ.

ಬೆಂದ ಪೇಸ್ಟ್ರಿಯನ್ನು ಜಾಲರಿಯ ಮೇಲೆ ಆರಿಸಿ ಅಂದೇ ತಿನ್ನಬೇಕು. ನಮ್ಮ ಕಡಲ ಗಾಳಿಯ ತೇವಕ್ಕೆ, ಮಳೆಗಾಲದಲ್ಲಂತೂ, ಸಂಜೆಯೊಳಗೆ ಪದರಗಳು ಮೆತ್ತಗಾಗುತ್ತವೆ. ಬಿಸಿ ಓವನ್ನಿನಲ್ಲಿ ಐದು ನಿಮಿಷವಿಟ್ಟರೆ ಮತ್ತೆ ಗರಿಗರಿಯಾಗುತ್ತವೆ.