ತೊಂಬತ್ತು ದಾಟಿದ ಕೈಯಲ್ಲಿ ಕ್ಯಾಮರಾ

ಮನೆಗೆ ನೆಂಟರು ಬಂದರೆ ಅಜ್ಜಿಯ ಆರೋಗ್ಯವನ್ನು ಅಜ್ಜಿಯೊಡನೆ ಕೇಳುವವರು ಎಷ್ಟು ಮಂದಿ? ಆಕೆಯ ಎದುರಲ್ಲೇ ಮಗನನ್ನೋ ಸೊಸೆಯನ್ನೋ ಕೇಳುತ್ತಾರೆ. ಮುಪ್ಪು ಬಂದವರು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಅವರನ್ನು ನೇರವಾಗಿ ದಿಟ್ಟಿಸಿದವರು ಅಮೆರಿಕದ ಛಾಯಾಗ್ರಾಹಕಿ ಇಮೋಜೆನ್ ಕನಿಂಗ್‌ಹ್ಯಾಮ್. ಹುಟ್ಟಿದ್ದು 1883ರಲ್ಲಿ. ಮೂವರು ಗಂಡುಮಕ್ಕಳು, ಅವರಲ್ಲಿಬ್ಬರು ಅವಳಿಗಳು. ಮಕ್ಕಳನ್ನು ಬಿಟ್ಟು ಹೊರಹೋಗಲಾಗದ ದಿನಗಳಲ್ಲಿ ಆಕೆ ಹಿತ್ತಿಲ ಗಿಡಗಳನ್ನೇ ಚಿತ್ರಿಸಿದರು. 1925ರಲ್ಲಿ ತೆಗೆದ ಮ್ಯಾಗ್ನೋಲಿಯಾ ಹೂವಿನ ಚಿತ್ರ ಇಂದಿಗೂ ಪ್ರಸಿದ್ಧ. (ಗೃಹಿಣಿಗೆ ಬಿಡುವೆಲ್ಲಿ ಎನ್ನುವವರು ಗಮನಿಸಬೇಕು!)

92ನೇ ವಯಸ್ಸಿನಲ್ಲಿ ಆಕೆ ಹೊಸ ಕೆಲಸಕ್ಕೆ ಕೈಹಾಕಿದರು. ತನ್ನಂತೆಯೇ ಮುಪ್ಪಿನಲ್ಲಿದ್ದವರನ್ನು ಹುಡುಕಿ ಹೋಗಿ ಚಿತ್ರ ತೆಗೆಯುವುದು. ಮೈತುಂಬ ಹಚ್ಚೆ ಹೊಯ್ಸಿಕೊಂಡಿದ್ದ ಒಬ್ಬ ವೃದ್ಧೆಯೂ ಅವರಲ್ಲಿದ್ದರು. ಯೌವನದ ಆ ಹಚ್ಚೆ ಸುಕ್ಕುಗಟ್ಟಿದ ಚರ್ಮದ ಮೇಲೆ ಹಾಗೆಯೇ ಉಳಿದಿತ್ತು. ಹರೆಯದವರು ತೆಗೆದಿದ್ದರೆ ಅದು ಕನಿಕರದ ಚಿತ್ರವಾಗುತ್ತಿತ್ತೇನೋ. ಇಲ್ಲಿ ಕ್ಯಾಮರಾದ ಹಿಂದೆ ನಿಂತವರಿಗೂ ಮರಣ ಅಷ್ಟೇ ಹತ್ತಿರವಿತ್ತು. ಅದು ಆಕೆಗೆ ಗೊತ್ತಿತ್ತು, ಆದರೂ ಕೆಲಸ ನಿಲ್ಲಿಸಲಿಲ್ಲ.

1976ರ ಜೂನ್‌ನಲ್ಲಿ, 93ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಆ ಚಿತ್ರಗಳ ಪುಸ್ತಕ 'ಆಫ್ಟರ್ ನೈಂಟಿ' ಹೊರಬಂದದ್ದು ಮರುವರ್ಷ.