ಗಣಕಗ್ರಂಥಗಳಲ್ಲಿ ಅಕ್ಷರದೋಷ ತಿದ್ದುವ ಕೆಲಸ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರಲ್ಲಿ ಉಕ್ತಲೇಖನದ ಪಾಠವನ್ನು ಮರೆತವರು ವಿರಳವೆಂದು ನಂಬುತ್ತೇವೆ. ತಪ್ಪಿದ ಶಬ್ದವನ್ನು ಹತ್ತು ಸಲ ಬರೆಯುತ್ತಿದ್ದಾಗ ಆ ಅಭ್ಯಾಸವು ಗಣಕಯಂತ್ರದ ಕೆಲಸಕ್ಕೂ ಒದಗೀತೆಂದು ಯಾರೂ ಎಣಿಸಿರಲಿಲ್ಲ. ಈಗಲಾದರೋ ಕಾಲೇಜಿನ ಹುಡುಗಿಯರು ರಜೆಯಲ್ಲಿ ಮನೆಗೆ ಬಂದು, ಇಂಥ ತಂತ್ರಾಂಶದೊಳಗಿನ ಕಾಗುಣಿತವನ್ನು ತಿದ್ದಿ ಕಳುಹಿಸಿದೆವೆಂದು ಹೇಳುವುದುಂಟು. ಇದರಿಂದ ಯಾರಿಗೆ ಏನು ಪ್ರಯೋಜನವೆಂದು ತಾಯಿತಂದೆಗಳು ಕೇಳುವುದು ಸಹಜವೇ.

ಮೂಲಲೇಖವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದೆಂದು ಕರ್ತೃಗಳು ಅನುಮತಿಯನ್ನಿತ್ತ ತಂತ್ರಾಂಶಕ್ಕೆ ಓಪನ್ ಸೋರ್ಸ್ ಎಂದು ಹೆಸರು. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ ಆರಂಭಿಸಿದ ಲಿನಕ್ಸ್ ಇವುಗಳಲ್ಲಿ ಪ್ರಸಿದ್ಧವಾದುದು. ಮೂಲಲೇಖದಲ್ಲಿ ಯಂತ್ರಕ್ಕೆ ಕೊಟ್ಟ ಆಜ್ಞೆಗಳೊಡನೆ ಮನುಷ್ಯರಿಗೋಸ್ಕರ ಬರೆದ ಟಿಪ್ಪಣಿಗಳೂ ಇರುತ್ತವೆ. ಬಳಸುವ ಕ್ರಮವನ್ನು ತಿಳಿಸುವ ಕೈಪಿಡಿಗಳು ಬೇರೆ. ಟಿಪ್ಪಣಿಗಳಂತೆ ಯಂತ್ರವು ನಡೆಯುವುದಿಲ್ಲ. ಹಾಗಾದರೆ ಅಲ್ಲಿ ಒಂದಕ್ಷರ ತಪ್ಪಿದರೆ ನಷ್ಟವೇನು?

ನಷ್ಟವುಂಟು. ಲಕ್ಷಾಂತರ ಸಾಲುಗಳ ಲೇಖದಲ್ಲಿ ಯಾರೂ ಪುಟ ತಿರುವಿ ಹುಡುಕಲಾರರು. ಶಬ್ದವನ್ನು ಕೊಟ್ಟು ಯಂತ್ರದಿಂದಲೇ ಹುಡುಕಿಸುತ್ತಾರೆ. ತಪ್ಪಾಗಿ ಬರೆದ ಶಬ್ದವು ಆ ಹುಡುಕಾಟಕ್ಕೆ ಸಿಕ್ಕುವುದಿಲ್ಲ. ಆದುದರಿಂದಲೇ ಲಿನಕ್ಸಿನವರು ಅಂಗೀಕಾರಾರ್ಹವಾದ ಸಣ್ಣ ತಿದ್ದುಪಡಿಗಳನ್ನು ಎಣಿಸುವಾಗ, ಹುಡುಕಾಟವನ್ನು ಕೆಡಿಸುವ ಅಕ್ಷರದೋಷಗಳನ್ನು ಪ್ರತ್ಯೇಕವಾಗಿ ಹೆಸರಿಸಿದ್ದರು. ನಿಘಂಟನ್ನು ಪಕ್ಕದಲ್ಲಿಟ್ಟು ಇಂಗ್ಲಿಷ್ ಓದುವವರ ತೊಡಕನ್ನಂತೂ ಹೇಳಬೇಕಾದುದಿಲ್ಲ.

ಇದಕ್ಕಿಂತ ದೊಡ್ಡ ಕೇಡೆಂದರೆ, ಕಾಲ ಮೀರಿದ ಬಳಿಕ ಕೆಲವು ತಪ್ಪುಗಳನ್ನು ತಿದ್ದಲಾಗುವುದೇ ಇಲ್ಲ. ಓದುಗನು ಯಾವ ಪುಟದಿಂದ ಬಂದನೆಂಬುದನ್ನು ಜಾಲಪುಟಕ್ಕೆ ತಿಳಿಸುವ ಸಂಕೇತಕ್ಕೆ ರೆಫರರ್ ಎಂದು ಹೆಸರು. ನಡುವೆ ಎರಡು ಆರ್ ಅಕ್ಷರಗಳಿರಬೇಕಾದಲ್ಲಿ ಒಂದನ್ನೇ ಬರೆದುದು ಯಾರ ಗಮನಕ್ಕೂ ಬಾರದೆ ಬಳಕೆಗೆ ಬಂದು, 1996ರಲ್ಲಿ ಪ್ರಕಟವಾದ ನಿಯಮಾವಳಿಯಲ್ಲಿಯೂ ಹಾಗೆಯೇ ಉಳಿಯಿತು. ಯಂತ್ರಗಳೆಲ್ಲವೂ ಆ ರೂಪವನ್ನೇ ನಿರೀಕ್ಷಿಸುವುದರಿಂದ ಇಂದಿಗೂ ಅದನ್ನು ಬದಲಿಸಲಾಗಿಲ್ಲ. ಅನಂತರ ಬಂದ ಇದೇ ಸಂಬಂಧದ ಮತ್ತೊಂದು ಸಂಕೇತದಲ್ಲಾದರೋ ಎರಡು ಆರ್ ಇವೆ! ಯೂನಿಕ್ಸಿನಲ್ಲಿ ಹೊಸ ಕಡತವನ್ನು ಸೃಷ್ಟಿಸುವ ಆಜ್ಞೆಯಲ್ಲಿಯೂ ಕ್ರಿಯೇಟ್ ಶಬ್ದದ ಕೊನೆಯ ಇ ಅಕ್ಷರವಿಲ್ಲ. ಅದರ ನಿರ್ಮಾಪಕರಲ್ಲೊಬ್ಬರಾದ ಕೆನ್ ಥಾಂಪ್ಸನ್ನರು, ಮತ್ತೊಮ್ಮೆ ಅವಕಾಶ ದೊರೆತರೆ ಆ ಅಕ್ಷರವನ್ನು ಸೇರಿಸುವೆನೆಂದು ವಿನೋದವಾಗಿ ಹೇಳಿದ್ದುಂಟು.

ಆದುದರಿಂದ ತಿದ್ದುವವಳು ಮೊದಲು ನೋಡತಕ್ಕದ್ದು, ಇದು ಮನುಷ್ಯನು ಓದುವ ಶಬ್ದವೋ ಯಂತ್ರವು ಓದುವ ಹೆಸರೋ ಎಂಬುದನ್ನು. ಬಣ್ಣಕ್ಕೆ ಕಲರ್ ಎಂಬುದನ್ನು ಯು ಅಕ್ಷರ ಸಹಿತವಾಗಿ ಬರೆಯಲು ನಮ್ಮ ಶಾಲೆಗಳಲ್ಲಿ ಕಲಿಸುತ್ತಾರೆ. ಅಮೆರಿಕದವರು ಅದನ್ನು ಬಿಟ್ಟು ಬರೆಯುತ್ತಾರೆ. ಎರಡೂ ಶುದ್ಧವೇ. ಆದರೆ ಜಾಲಪುಟಕ್ಕೆ ಬಣ್ಣ ಕೊಡುವ ಆಜ್ಞೆಯಲ್ಲಿ ನಮ್ಮ ಹುಡುಗಿಯೊಬ್ಬಳು ಪಾಠದ ನೆನಪಿನಿಂದ ಯು ಸೇರಿಸಿದರೆ ಬಣ್ಣವೇ ಬಾರದು.

ಸಾಮಾನ್ಯ ನಿಘಂಟಿನೊಡನೆ ಹೋಲಿಸಿದರೆ ಮೂಲಲೇಖದ ಅರ್ಧಕ್ಕರ್ಧ ಶಬ್ದಗಳು ತಪ್ಪೆಂದೇ ತೋರುವವು. ಆದಕಾರಣ ಕೋಡ್‌ಸ್ಪೆಲ್ ಎಂಬ ಸಾಧನವು ಜನರು ವಾಡಿಕೆಯಾಗಿ ಮಾಡುವ ತಪ್ಪುಗಳ ಪಟ್ಟಿಯನ್ನಿಟ್ಟುಕೊಂಡು ಅವನ್ನು ಮಾತ್ರ ಹುಡುಕುತ್ತದೆ. ಲಿನಕ್ಸಿನಲ್ಲಿಯೂ ಅಂಥ ಪಟ್ಟಿಯೊಂದಿದ್ದು, ಅದರಲ್ಲಿ ಸಾವಿರಕ್ಕೂ ಮಿಕ್ಕಿ ಸಾಲುಗಳಿವೆ. ಸಾಧನವು ತೋರಿಸಿದುದನ್ನೆಲ್ಲ ಕಣ್ಮುಚ್ಚಿ ಒಪ್ಪುವುದು ಮಾತ್ರ ಸಲ್ಲದು.

ಈ ಕೆಲಸಕ್ಕೆ ಕೆಟ್ಟ ಹೆಸರೂ ಬಂದಿದೆ. ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಉತ್ಸವದಲ್ಲಿ ನಾಲ್ಕು ತಿದ್ದುಪಡಿಗಳಿಗೆ ಒಂದು ಅಂಗಿಯ ಬಹುಮಾನವಿದ್ದುದರಿಂದ, 2020ರಲ್ಲಿ ಅನೇಕರು ನಿರರ್ಥಕ ಬದಲಾವಣೆಗಳನ್ನು ರಾಶಿರಾಶಿಯಾಗಿ ಕಳುಹಿಸಿದರು. ಪಾಲಕರು ಬೇಸತ್ತುದನ್ನು ಕಂಡು, ಒಪ್ಪಿಗೆ ಕೊಟ್ಟ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವೆವೆಂದು ಉತ್ಸವದ ನಡುವೆಯೇ ನಿಯಮವನ್ನು ಬದಲಿಸಬೇಕಾಯಿತು. ಬರಿಯ ಕಾಗುಣಿತದ ತಿದ್ದುಪಡಿಗಳು ಗದ್ದಲವೆಬ್ಬಿಸುತ್ತವೆಂದು ಲಿನಕ್ಸಿನ ಕೈಪಿಡಿಯೂ ಎಚ್ಚರಿಸುತ್ತದೆ. ಪ್ರತಿಯೊಂದು ತಿದ್ದುಪಡಿಯನ್ನೂ ಒಬ್ಬ ಮನುಷ್ಯನು ಓದಬೇಕಷ್ಟೆ. ಅವನ ಹೊತ್ತು ಪುಕ್ಕಟೆಯದಲ್ಲ. ಆದರೂ ಕೈಪಿಡಿಯನ್ನು ನಿಜವಾಗಿ ಓದುತ್ತಾ ಎಡವಿದವಳು ಆ ಕಲ್ಲನ್ನು ತೆಗೆದಿಟ್ಟರೆ ಅದನ್ನು ಗದ್ದಲವೆನ್ನಲು ನಮಗೆ ಮನಸ್ಸಿಲ್ಲ.

ಕಳುಹಿಸುವ ಮೊದಲು ಯೋಜನೆಯ ನಿಯಮಗಳನ್ನು ಓದಿ, ಬೇರಾರಾದರೂ ಅದನ್ನೇ ತಿದ್ದಿರುವರೇ ಎಂದು ನೋಡಬೇಕು. ಯಾವ ಶಬ್ದವನ್ನು ತಿದ್ದಿದುದೆಂಬುದನ್ನು ಒಂದು ಸಾಲಿನಲ್ಲಿ ತಿಳಿಸಬೇಕು. ಕಡತವು ಬೇರೊಂದು ಯೋಜನೆಯಿಂದ ನಕಲು ಮಾಡಿದುದಾದರೆ ಮೂಲದವರಿಗೇ ಕಳುಹಿಸತಕ್ಕದ್ದು; ಇಲ್ಲವಾದರೆ ಮುಂದಿನ ನಕಲಿನೊಡನೆ ಹಳೆಯ ತಪ್ಪು ತಿರುಗಿ ಬರುವುದು.