ಒಂದು ರೂಪಾಯಿಗೆ ಮೂರು ರೂಪಾಯಿ

ಪಾಂಡಿ ಬಜಾರಿನಿಂದ ಉಸ್ಮಾನ್ ರಸ್ತೆಯ ಕಡೆ ನಡೆದು ಬಂದರೆ, ರೇಷ್ಮೆ ಸೀರೆ ಮತ್ತು ಚಿನ್ನದ ಅಂಗಡಿಗಳ ಮಧ್ಯೆ ವಿದೇಶೀ ಹಣ ಬದಲಾಯಿಸಿಕೊಡುವ ಅಂಗಡಿಗಳೂ, ಶ್ರೀಲಂಕಾ, ಥಾಯ್ಲೆಂಡ್ ಪ್ರವಾಸದ ಬೋರ್ಡುಗಳೂ ಕಣ್ಣಿಗೆ ಬೀಳುತ್ತವೆ. ಅದನ್ನು ನೋಡಿದಾಗಲೆಲ್ಲ ನಮ್ಮ ಗೆಳೆಯರ ಬಾಯಲ್ಲಿ ಒಂದೇ ಮಾತು: “ಶ್ರೀಲಂಕಾನೇ ಚೀಪು ಕಣೋ. ನಮ್ಮ ಒಂದು ರೂಪಾಯಿಗೆ ಅಲ್ಲಿ ಮೂರು ರೂಪಾಯಿ ಮೇಲೆ ಸಿಗತ್ತೆ. ಥಾಯ್ಲೆಂಡಲ್ಲಿ ಒಂದು ಬಾತ್‌ಗೆ ನಾವೇ ಎರಡು ರೂಪಾಯಿ ಮೇಲೆ ಕೊಡಬೇಕು.” (ಇದು ಬಿಸಿಬೇಳೆ ಬಾತ್ ಅಲ್ಲ, ಆ ದೇಶದ ನಾಣ್ಯ.) ಮಾತೇನೋ ಕೇಳಲು ಚೆನ್ನಾಗಿದೆ, ಆದರೆ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಏಕೆ ನಿಲ್ಲುವುದಿಲ್ಲ ಎಂಬುದನ್ನು ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ನನಗೆ ಇದು ಬರೀ ಪಾಠದ ವಿಷಯವಲ್ಲ. ಟಿ. ನಗರದಲ್ಲಿ ನಾನಿರುವುದು ಸೋದರತ್ತೆಯ ಮನೆಯಲ್ಲಿ. ಅತ್ತೆ ಸೀರೆಗೆ ಫಾಲ್ಸ್ ಹಾಕಿ, ರವಿಕೆ ಹೊಲಿದು, ತಿಂಗಳಿಗೆ 5,000 ರೂಪಾಯಿಯಂತೆ ಇಪ್ಪತ್ತು ತಿಂಗಳು ಚೀಟಿ ಕಟ್ಟಿದ್ದಾರೆ. ಆ ಒಂದು ಲಕ್ಷದಲ್ಲಿ ಮಾವನ ಜೊತೆ ಒಂದು ಸಲವಾದರೂ ವಿಮಾನ ಹತ್ತಬೇಕೆಂಬುದು ಅವರ ಆಸೆ. “ಕಾಮರ್ಸ್ ಓದ್ತಿದೀಯಲ್ಲೋ, ಯಾವ ದೇಶ ಅಗ್ಗ ಅಂತ ಲೆಕ್ಕ ಹಾಕಿ ಹೇಳು. ಈ ದುಡ್ಡು ಇನ್ನೊಂದ್ಸಲ ಬರೋದಲ್ಲ” ಅಂದರು. ಹಾಗಾಗಿ ಕೂತು ಲೆಕ್ಕ ಹಾಕಿದೆ.

ಮೊದಲು ವಿನಿಮಯ ದರದ ವಿಷಯ. ಸೇರಿನಲ್ಲಿ ಅಳೆದ ಅಕ್ಕಿಯನ್ನೇ ಪಾವಿನಲ್ಲಿ ಅಳೆದರೆ ಎಣಿಕೆ ನಾಲ್ಕಾಗುತ್ತದೆ, ಅನ್ನವೇನೂ ಹೆಚ್ಚಾಗುವುದಿಲ್ಲ. ನಾಣ್ಯವೂ ಹಾಗೇ ಒಂದು ಅಳತೆ. ಒಂದಕ್ಕೆ ಮೂರು ಸಿಕ್ಕರೂ, ಇಲ್ಲಿ ಹದಿನೈದು ರೂಪಾಯಿಯ ಚಹಾ ಅಲ್ಲಿ ಐವತ್ತು ರೂಪಾಯಿ ಇದ್ದರೆ ಲಾಭವೆಲ್ಲಿ ಬಂತು? ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಎಷ್ಟು ನಾಣ್ಯ ಸಿಗುತ್ತದೆ’ ಎಂಬುದಲ್ಲ, ‘ಅದಕ್ಕೆ ಏನು ಸಿಗುತ್ತದೆ’ ಎಂಬುದು. ಇದನ್ನೇ ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕ್ಯಾಸೆಲ್ 1918ರಲ್ಲಿ ಕೊಳ್ಳುವ ಶಕ್ತಿಯ ಸಮತೆ ಎಂದು ಕರೆದ. 1986ರಲ್ಲಿ ಇಂಗ್ಲೆಂಡಿನ ‘ಎಕಾನಮಿಸ್ಟ್’ ಪತ್ರಿಕೆ ಊರೂರಿನ ಹ್ಯಾಂಬರ್ಗರ್ ಬೆಲೆ ಹೋಲಿಸಿ ನಾಣ್ಯಗಳನ್ನು ಅಳೆಯಲು ಶುರು ಮಾಡಿತು. ನಮಗೆ ಮಸಾಲೆ ದೋಸೆಯೇ ಸಾಕು.

ಹಾಗಾದರೆ ನಾಣ್ಯ ಕುಸಿದಾಗ ಪ್ರವಾಸಿಗೆ ಲಾಭವೇ ಇಲ್ಲವೇ? ಇದೆ, ಸ್ವಲ್ಪ ದಿನ. 2022ರ ಮಾರ್ಚ್ ಮೊದಲಲ್ಲಿ ಒಂದು ಡಾಲರಿಗೆ ಸುಮಾರು 200 ಇದ್ದ ಶ್ರೀಲಂಕಾ ರೂಪಾಯಿ ಮೇ ತಿಂಗಳಲ್ಲಿ 360ರ ಹತ್ತಿರ ಹೋಯಿತು. ಆದರೆ ಆ ಸೆಪ್ಟೆಂಬರಿಗೆ ಅಲ್ಲಿಯ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡಾ 70ರಷ್ಟು ಏರಿದ್ದವು. ನಾಣ್ಯ ಕೊಟ್ಟದ್ದನ್ನು ಬೆಲೆ ಕಿತ್ತುಕೊಂಡಿತು. ಪೆಟ್ರೋಲ್ ಬಂಕಿನ ಮುಂದೆ ಜನ ದಿನಗಟ್ಟಲೆ ಸಾಲು ನಿಂತಿದ್ದಾಗ ‘ಅಗ್ಗ’ ಎಂಬ ಮಾತನ್ನು ಬಾಯಲ್ಲಿ ಆಡುವುದೂ ಕಷ್ಟವೇ. ಥಾಯ್ಲೆಂಡಿಗೂ ಇಂಥ ಕಾಲ ಬಂದಿತ್ತು. 1997ರ ಜುಲೈ 2ರಂದು ಬಾತ್‌ನ ಕಟ್ಟು ಬಿಚ್ಚಿದ ಮೇಲೆ, ಡಾಲರಿಗೆ 25 ಇದ್ದದ್ದು ಆರೇ ತಿಂಗಳಲ್ಲಿ 50 ದಾಟಿತು.

ಇನ್ನೊಂದು ವಿಷಯ. ಪ್ರವಾಸಿಯ ಖರ್ಚೆಲ್ಲ ಆ ದೇಶದ ನಾಣ್ಯದಲ್ಲಿ ನಡೆಯುವುದಿಲ್ಲ. ವಿಮಾನದ ಟಿಕೆಟ್ಟು, ಪಾಸ್‌ಪೋರ್ಟು, ವಿಮೆ ಇವಕ್ಕೆ ಇಲ್ಲೇ ರೂಪಾಯಿ ಎಣಿಸಬೇಕು. ಸಿಗಿರಿಯಾ ಬೆಟ್ಟದಂಥ ಜಾಗದಲ್ಲಿ ವಿದೇಶೀಯರ ಪ್ರವೇಶ ಶುಲ್ಕವೇ ಡಾಲರಿನ ಲೆಕ್ಕ. ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ, ಪಾಸ್‌ಪೋರ್ಟ್ ತೋರಿಸಿ ಕೇಳಬೇಕು. ಬ್ಯಾಂಕಾಕಿನ ಅರಮನೆಗೆ ಥಾಯ್ ಜನ ಪುಕ್ಕಟೆ ಹೋಗುತ್ತಾರೆ, ನಾವು 500 ಬಾತ್ ತೆರಬೇಕು. ಅನ್ಯಾಯ ಅನ್ನಬೇಡಿ! ನಮ್ಮ ಮಾಮಲ್ಲಪುರದಲ್ಲೂ ನಮಗೆ 40 ರೂಪಾಯಿ, ಅಮೆರಿಕದವನಿಗೆ 600. ಒಂದಕ್ಕೆ ಮೂರು ಸಿಗುವ ಸುಖವೇನಿದ್ದರೂ ಊಟ, ಬಸ್ಸು, ಆಟೋಗಳಿಗೆ ಮಾತ್ರ.

ಈಗ ನಮ್ಮ ಕಾಸ್ಟಿಂಗ್ ಪಾಠಕ್ಕೆ ಬರೋಣ. ಹೋಗಿಬರುವ ಖರ್ಚು ಸ್ಥಿರ ವೆಚ್ಚ. ಎಷ್ಟು ದಿನ ಇದ್ದರೂ ಅಷ್ಟೇ. ಅಲ್ಲಿ ಉಳಿಯುವ ಖರ್ಚು ದಿನದಿಂದ ದಿನಕ್ಕೆ ಬೆಳೆಯುವ ಚರ ವೆಚ್ಚ. ಲೆಕ್ಕ ತಿಳಿಯಲೆಂದು ನಾನೇ ಅಂಕಿ ಇಟ್ಟುಕೊಳ್ಳುತ್ತೇನೆ, ಇವು ಮಾರುಕಟ್ಟೆಯ ದರವಲ್ಲ. ಒಂದು ದೇಶಕ್ಕೆ ಹೋಗಿಬರಲು ತಲೆಗೆ 15,000, ದಿನಕ್ಕೆ 4,500. ಇನ್ನೊಂದಕ್ಕೆ ಹೋಗಿಬರಲು 21,000, ದಿನಕ್ಕೆ 3,500. ಆರನೆಯ ದಿನ ಎರಡೂ 42,000ಕ್ಕೆ ಸಮ. ನಾಲ್ಕು ದಿನಕ್ಕಾದರೆ ಮೊದಲನೆಯದು ತಲೆಗೆ 2,000 ಕಡಿಮೆ. ಎಂಟು ದಿನಕ್ಕೆ ಇಬ್ಬರಿಗೆ ಮೊದಲನೆಯದು 1,02,000, ಎರಡನೆಯದು 98,000. ಅಂದರೆ ಅತ್ತೆಯ ಚೀಟಿ ಒಂದರಲ್ಲಿ ಸಾಲದು, ಇನ್ನೊಂದರಲ್ಲಿ ಸಾಲುತ್ತದೆ. ಎಷ್ಟು ದಿನ ಎಂದು ಹೇಳದೆ ಯಾವ ದೇಶ ಅಗ್ಗ ಎಂದು ಕೇಳುವುದೇ ತಪ್ಪು.

ಕೊಲಂಬೋ ಇಲ್ಲಿಂದ ಒಂದೂವರೆ ಗಂಟೆಯೊಳಗಿನ ಹಾರಾಟ, ಬ್ಯಾಂಕಾಕಿಗೆ ಮೂರೂವರೆ ಗಂಟೆ ಹತ್ತಿರ. (ಹಿಂದೆ ಎಗ್ಮೋರಿನಲ್ಲಿ ರೈಲು ಹತ್ತಿ, ಧನುಷ್ಕೋಡಿಯಲ್ಲಿ ಹಡಗು ಹಿಡಿದು, ತಲೈಮನ್ನಾರಿನಿಂದ ಮತ್ತೆ ರೈಲಿನಲ್ಲಿ ಕೊಲಂಬೋಗೆ ಹೋಗಬಹುದಿತ್ತಂತೆ. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನೇ ನುಂಗಿತು. 2023ರಲ್ಲಿ ನಾಗಪಟ್ಟಿಣದಿಂದ ಕಾಂಕೇಶನ್‌ತುರೈಗೆ ಹಡಗು ಶುರುವಾಯಿತು; ಅದು ಜಾಫ್ನಾ ನೋಡುವವರಿಗೆ ಅನುಕೂಲ.) ಆದರೆ ಶ್ರೀಲಂಕಾದಲ್ಲಿ ಇಳಿದ ಮೇಲೆ ಊರಿಂದೂರಿಗೆ ಕಾರು ಮಾಡಿಕೊಳ್ಳುವವರೇ ಹೆಚ್ಚು. ಕ್ಯಾಂಡಿ ಬರೀ 115 ಕಿಲೋಮೀಟರ್, ರಸ್ತೆಯಲ್ಲಿ ಮೂರು ಗಂಟೆ ಮೇಲೆ. ಬ್ಯಾಂಕಾಕಿನಲ್ಲಿ ನಗರದೊಳಗೇ ಮೇಲುಸೇತುವೆಯ ರೈಲಿದೆ, ಹೊಳೆಯಲ್ಲಿ ದೋಣಿ ಇದೆ, ಬೀದಿ ಊಟವಿದೆ. ನನ್ನ ಅಂದಾಜಿನಲ್ಲಿ ದಿನ ಹೆಚ್ಚಾದಷ್ಟೂ ಥಾಯ್ಲೆಂಡ್ ಮೇಲು. ಸಸ್ಯಾಹಾರಿಗಳು ಮಾತ್ರ ‘ಜೇ’ ಎಂಬ ಮಾತನ್ನೂ ಹಳದಿ ಬಾವುಟವನ್ನೂ ನೆನಪಿಡಬೇಕು. ಇಲ್ಲದಿದ್ದರೆ ಸೊಪ್ಪಿನ ಪಲ್ಯದಲ್ಲೂ ಮೀನಿನ ಸಾಸ್ ಬಂದೀತು. ಅತ್ತೆ ಮೊಟ್ಟೆಯನ್ನೂ ಮುಟ್ಟುವವರಲ್ಲ. ನಾಲ್ಕೈದು ದಿನವಾದರೆ ಶ್ರೀಲಂಕಾ ಅಂತ ಹೇಳಿದ್ದೇನೆ. ಮಾವ ಇನ್ನೂ ಬ್ಯಾಂಕಾಕ್ ಬಿಟ್ಟಿಲ್ಲ.

ಪ್ಯಾಕೇಜ್ ಕೊಳ್ಳುವವರು ಬಿಲ್ಲಿನ ಕೊನೆಯ ಸಾಲನ್ನೂ ಓದಬೇಕು. 2020ರ ಅಕ್ಟೋಬರಿನಿಂದ ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಮೂಲದಲ್ಲೇ ತೆರಿಗೆ ವಸೂಲು ಮಾಡುತ್ತಾರೆ; ಅದರ ದರವನ್ನು ಆಮೇಲೆ ಬದಲಿಸಿದ್ದೂ ಉಂಟು. ಇದು ಖರ್ಚಲ್ಲ, ಮುಂಗಡ. ಅತ್ತೆಯಂತೆ ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಸಲ್ಲಿಸದಿದ್ದರೆ ಹೋಯಿತು.

ಕೊನೆಗೆ ಹಣ ಬದಲಾಯಿಸುವ ಅಂಗಡಿ. ಅಲ್ಲಿಯ ಬೋರ್ಡಿನಲ್ಲಿ ಎರಡು ದರ ಇರುತ್ತವೆ: ಅವರು ನಮಗೆ ಮಾರುವುದು ಒಂದು, ನಮ್ಮಿಂದ ಕೊಳ್ಳುವುದು ಇನ್ನೊಂದು. ಉಳಿದ ನೋಟನ್ನು ತಿರುಗಿ ತಂದು ಕೊಟ್ಟರೆ ಎರಡು ಸಲ ಕಳೆದುಕೊಂಡಂತೆ. ಬೇಕಾದಷ್ಟೇ ಕೊಂಡು, ಉಳಿದ ಚಿಲ್ಲರೆಯಲ್ಲಿ ಅಲ್ಲೇ ಒಂದು ಪೊಟ್ಟಣ ಚಹಾಪುಡಿ ತಂದುಬಿಡುವುದು ಒಳ್ಳೆಯದು.